‘ಪ್ಲಗ್ ಕೊಡಿ’ ಅಂದರೆ ಯಾವ ಪ್ಲಗ್? ಪಾರ್ಟ್ಸ್ ಅಂಗಡಿಯಲ್ಲಿ ಎಡವಟ್ಟಾಗದಂತೆ ಬಿಡಿಭಾಗ ಕೇಳುವ ಕ್ರಮ

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: “ಗಾಡಿಯ ಹೆಸರೂ ಹೇಳಿದ್ದೆ, ಪಾರ್ಟಿನ ಹೆಸರೂ ಹೇಳಿದ್ದೆ. ತಂದು ನೋಡಿದರೆ ಕೂರುವುದೇ ಇಲ್ಲ. ತಪ್ಪು ಯಾರದು?” ಹೆಚ್ಚಿನ ಸಲ ಯಾರದೂ ಅಲ್ಲ. ಕೌಂಟರಿನ ಆಚೆ ನಿಂತವರಿಗೆ ನಿಮ್ಮ ಗಾಡಿ ಕಾಣುವುದಿಲ್ಲ, ಕ್ಯಾಟಲಾಗು ಕಾಣುತ್ತದೆ. ನಿಮ್ಮ ತಲೆಯಲ್ಲಿರುವುದು ಒಂದೇ ಒಂದು ಪ್ಲಗ್. ಅವರ ಕಪಾಟಿನಲ್ಲಿ ಸ್ಪಾರ್ಕ್ ಪ್ಲಗ್ ಇದೆ, ಹೀಟರ್ ಪ್ಲಗ್ ಇದೆ, ಆಯಿಲ್ ಸಂಪಿನ ಡ್ರೈನ್ ಪ್ಲಗ್ ಇದೆ, ವೈರಿನ ತುದಿಗೆ ಹಾಕುವ ಪ್ಲಗ್ಗೂ ಇದೆ.

ಸ್ಪಾರ್ಕ್ ಪ್ಲಗ್ಗೇ ಇಲ್ಲದ ಡೀಸೆಲ್ ಗಾಡಿಗೆ ನಾಲ್ಕು ಸ್ಪಾರ್ಕ್ ಪ್ಲಗ್ ಕೇಳುವವರು, 1.2 ಲೀಟರ್ ಎಂಜಿನ್ನಿಗೆ 1.2 ಲೀಟರ್ ಆಯಿಲ್ ಸಾಕು ಅನ್ನುವವರು, “ಯಾವ ಗಾಡಿ?” ಅಂದರೆ “ಬಿಳೀದು” ಅನ್ನುವವರು ಎಲ್ಲ ಕೌಂಟರಿಗೂ ಬರುತ್ತಾರೆ. ಕೇಳಲು ತಮಾಷೆಯಾಗಿದ್ದರೂ ಒಂದೊಂದರ ಹಿಂದೆಯೂ ಒಂದು ಕಾರಣವಿದೆ. ಕಾರಣ ಗೊತ್ತಾದರೆ ಎರಡನೇ ಸಲ ಅಂಗಡಿಗೆ ಓಡುವುದು ತಪ್ಪುತ್ತದೆ. ಒಟ್ಟಿನಲ್ಲಿ ಕ್ರಮ ಇಷ್ಟು: ಮೊದಲು ಗಾಡಿಯ ಗುರುತು, ಆಮೇಲೆ ಪಾರ್ಟಿನ ಮೇಲಿನ ನಂಬರು ಇಲ್ಲವೇ ಅಳತೆ, ಹೆಸರು ಕೊನೆಗೆ.

ಹೊರಡುವ ಮುಂಚೆ ಜೊತೆಗಿಟ್ಟುಕೊಳ್ಳಬೇಕಾದ್ದು

- ಚಾಸಿ ನಂಬರಿನ ಫೋಟೊ. ಬರೆದುಕೊಂಡ ಚೀಟಿಗಿಂತ ಫೋಟೊ ಮೇಲು.
- ನೋಂದಣಿ ಪತ್ರದ ಫೋಟೊ. ತಯಾರಾದ ತಿಂಗಳು, ವರ್ಷ ಕಾಣುವಂತಿರಲಿ.
- ಬಿಚ್ಚಿದ ಹಳೆಯ ಪಾರ್ಟ್. ನಂಬರು ಓದುವಷ್ಟು ಒರೆಸಿದರೆ ಸಾಕು. ಉಪ್ಪುಕಾಗದ ಹಾಕಿ ಉಜ್ಜಿದರೆ ನಂಬರೇ ಅಳಿಸಿಹೋಗುತ್ತದೆ.
- ಪಾರ್ಟ್ ಗಾಡಿಯಲ್ಲೇ ಕೂತಿರುವಾಗ ತೆಗೆದ ಎರಡು ಫೋಟೊ: ದೂರದಿಂದ ಒಂದು, ಹತ್ತಿರದಿಂದ ಒಂದು.
- ಸಾಧ್ಯವಾದರೆ ವರ್ನಿಯರ್ ಕ್ಯಾಲಿಪರ್, ಅಂದರೆ ಮಿಲಿಮೀಟರಿನ ಭಾಗವನ್ನೂ ಅಳೆಯುವ ಜಾರುವ ಅಳತೆಪಟ್ಟಿ. ಬೇರಿಂಗ್, ಆಯಿಲ್ ಸೀಲ್, ಬೋಲ್ಟುಗಳ ವಿಷಯದಲ್ಲಿ ಇದರಷ್ಟು ಉಪಕಾರಿ ಬೇರೊಂದಿಲ್ಲ.

ಹಳೆಯ ಪಾರ್ಟನ್ನು ಗುಜರಿಗೆ ಹಾಕಿ ಬರಿಗೈಯಲ್ಲಿ ಅಂಗಡಿಗೆ ಹೋಗಬೇಡಿ. ಹೊಸದು ಕೂತು, ಗಾಡಿ ಓಡುವವರೆಗೆ ಹಳೆಯದು ನಿಮ್ಮ ಬಳಿಯೇ ಇರಲಿ.

1. ಗಾಡಿಯ ಗುರುತು ಹೇಳಿ

ಚಾಸಿ ನಂಬರ್ ಅಥವಾ ವಿಐಎನ್‌ನಲ್ಲಿ 17 ಅಕ್ಷರ-ಅಂಕಿಗಳಿರುತ್ತವೆ. ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಇದರಲ್ಲಿ ಬಳಸುವುದೇ ಇಲ್ಲ. ಒಂದು, ಸೊನ್ನೆಗಳ ಜೊತೆ ಕಲಸಿಹೋಗದಿರಲಿ ಎಂದೇ ಹೀಗೆ ಮಾಡಿದ್ದು. ಆದ್ದರಿಂದ ‘ಒ’ ಥರ ಕಂಡದ್ದು ಸೊನ್ನೆ, ‘ಐ’ ಥರ ಕಂಡದ್ದು ಒಂದು. ಎಣಿಸಿದಾಗ ಹದಿನಾರೇ ಬಂದರೆ ಎಲ್ಲೋ ಒಂದನ್ನು ಬಿಟ್ಟಿದ್ದೀರಿ.

ಫೋನಿನಲ್ಲಿ ಹೇಳುವುದಾದರೆ ಬಿ, ಡಿ, ಪಿ, ಟಿ ನಾಲ್ಕೂ ಆ ಕಡೆ ಒಂದೇ ಥರ ಕೇಳಿಸುತ್ತವೆ. ಬಾಯಲ್ಲಿ ಹೇಳುವ ಬದಲು ಫೋಟೊ ಕಳಿಸಿ.

ಅತಿ ಹೆಚ್ಚು ಗೊಂದಲ ಆಗುವುದು ವರ್ಷದಲ್ಲಿ. “ಯಾವ ವರ್ಷದ ಗಾಡಿ?” ಎಂಬ ಪ್ರಶ್ನೆಗೆ ನಾಲ್ಕು ಥರದ ಉತ್ತರ ಬರುತ್ತದೆ: ತಯಾರಾದ ವರ್ಷ, ನೋಂದಣಿಯಾದ ವರ್ಷ, ಕಂಪನಿ ಲೆಕ್ಕದ ಮಾಡೆಲ್ ವರ್ಷ, ಮತ್ತು “ನಾನು ಸೆಕೆಂಡ್ ಹ್ಯಾಂಡ್ ತಗೊಂಡ ವರ್ಷ”. ಕೊನೆಯದನ್ನು ಹೇಳುವವರು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು. 2016ರಲ್ಲಿ ತಯಾರಾದದ್ದನ್ನು 2021ರಲ್ಲಿ ಕೊಂಡು, 2021ರ ಹೆಡ್‌ಲೈಟ್ ಕೇಳಿದರೆ ಬೇರೆಯದೇ ಮುಖದ ಹೆಡ್‌ಲೈಟ್ ಕೈಗೆ ಬಂದೀತು. ಬಹುತೇಕ ಬಿಡಿಭಾಗಗಳಿಗೆ ಬೇಕಾಗುವುದು ತಯಾರಾದ ತಿಂಗಳು ಮತ್ತು ವರ್ಷ. ಕಂಪನಿಗಳು ವರ್ಷದ ನಡುವೆಯೇ ಬ್ರೇಕನ್ನೋ ಸೆನ್ಸರನ್ನೋ ಬದಲಿಸುವುದುಂಟು. ಆಗ ಕ್ಯಾಟಲಾಗಿನಲ್ಲಿ ‘ಇಂಥ ಚಾಸಿ ನಂಬರಿನವರೆಗೆ’, ‘ಇಂಥ ಚಾಸಿ ನಂಬರಿನಿಂದ’ ಎಂದು ಎರಡು ಸಾಲು ಇರುತ್ತವೆ. ಚಾಸಿ ನಂಬರ್ ಮೊದಲೇ ಕೇಳುವುದು ಅದಕ್ಕೇ.

ಇದರ ಜೊತೆಗೆ ಪೆಟ್ರೋಲೋ ಡೀಸೆಲ್ಲೋ, ಎಂಜಿನ್ ಎಷ್ಟು ಸಿಸಿ, ಗೇರು ಮ್ಯಾನುಯಲ್ಲೋ ಆಟೋಮ್ಯಾಟಿಕ್ಕೋ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇದೆಯೋ ಇಲ್ಲವೋ ಎಂಬುದನ್ನೂ ಹೇಳಿ. ಬಣ್ಣ ಬೇಕಾಗುವುದು ಬಂಪರ್, ಕನ್ನಡಿಯ ಕವರ್‌ನಂಥ ಪೇಂಟ್ ಬಳಿದ ಪಾರ್ಟುಗಳಿಗೆ ಮಾತ್ರ. ಅಲ್ಲೂ ‘ಬಿಳಿ’ ಅಂದರೆ ಸಾಲದು, ಗಾಡಿಯ ಮೇಲೆ ಅಂಟಿಸಿರುವ ಪಟ್ಟಿಯಲ್ಲಿನ ಪೇಂಟ್ ಕೋಡ್ ಬೇಕು.

2. ಹೆಸರಿನ ಜೊತೆಗೆ ಜಾಗವನ್ನೂ ಕೆಲಸವನ್ನೂ ಹೇಳಿ

ಗ್ಯಾರೇಜಿನ ಹೆಸರು ಒಂದು, ಡಬ್ಬಿಯ ಮೇಲಿನ ಹೆಸರು ಇನ್ನೊಂದು. ಹಾಗೆ ಹೇಳಿದರೆ ತಪ್ಪೇನಿಲ್ಲ, ಕೌಂಟರಿನವರಿಗೆ ಎರಡೂ ಗೊತ್ತಿರುತ್ತವೆ. ಒಂದೇ ಹೆಸರಿಗೆ ಎರಡು ಮೂರು ವಸ್ತುಗಳಿದ್ದಾಗ ಮಾತ್ರ ಕಷ್ಟ. ಹೆಚ್ಚು ಎಡವುವ ಕೆಲವು:

ಸೆಲ್ಫ್: ಎಂಜಿನ್ ಚಾಲೂ ಮಾಡುವ ಸ್ಟಾರ್ಟರ್ ಮೋಟರ್. “ಸೆಲ್ಫ್ ಹೊಡೀತಿಲ್ಲ, ಸೆಲ್ಫ್ ಕೊಡಿ” ಅನ್ನುವ ಮುಂಚೆ ಬ್ಯಾಟರಿ ನೋಡಿ. ಹೋಗಿರುವುದು ಸೊಲೆನಾಯ್ಡ್, ಅಂದರೆ ಮೋಟರಿನ ಬೆನ್ನ ಮೇಲೆ ಕೂತ ವಿದ್ಯುತ್ ಸ್ವಿಚ್ ಮಾತ್ರ ಆಗಿದ್ದರೆ ಬಹಳಷ್ಟು ಮೋಟರುಗಳಿಗೆ ಅದೊಂದೇ ಬಿಡಿಯಾಗಿ ಸಿಗುತ್ತದೆ.

ಡೈನಮೋ: ಈಗಿನ ಗಾಡಿಗಳಲ್ಲಿ ಇರುವುದು ಆಲ್ಟರ್ನೇಟರ್, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವಂಥದ್ದು. ಡೈನಮೋ ಅಂದರೂ ಅದನ್ನೇ ಕೊಡುತ್ತಾರೆ. ಎಷ್ಟು ಆಂಪಿಯರಿನದು ಎಂದು ಹೇಳಬೇಕು.

ಫ್ಯಾನ್ ಬೆಲ್ಟ್: ಹಳೆಯ ಎಂಜಿನ್ನುಗಳಲ್ಲಿ ರೇಡಿಯೇಟರ್ ಫ್ಯಾನನ್ನು ಬೆಲ್ಟೇ ತಿರುಗಿಸುತ್ತಿತ್ತು. ಈಗ ಹೆಚ್ಚಿನ ಕಾರುಗಳಲ್ಲಿ ಫ್ಯಾನಿಗೆ ಸ್ವಂತ ಮೋಟರ್ ಇದೆ, ಬೆಲ್ಟ್ ಓಡಿಸುವುದು ಆಲ್ಟರ್ನೇಟರನ್ನೂ ಎಸಿ ಕಂಪ್ರೆಸರನ್ನೂ. ಹೆಸರು ಮಾತ್ರ ಉಳಿದುಕೊಂಡಿದೆ. ಟೈಮಿಂಗ್ ಬೆಲ್ಟ್ ಬೇರೆಯೇ ವಸ್ತು. ಒಳಮೈಯಲ್ಲಿ ಹಲ್ಲುಗಳಿದ್ದು ಕವರಿನೊಳಗೆ ಅಡಗಿರುತ್ತದೆ. ನಿಮ್ಮ ಎಂಜಿನ್ನಿನಲ್ಲಿ ಅದರ ಬದಲು ಟೈಮಿಂಗ್ ಚೈನ್ ಇದ್ದರೆ ಆ ಬೆಲ್ಟ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಫಿಲ್ಟರ್: ಆಯಿಲ್, ಏರ್, ಫ್ಯೂಯಲ್, ಕ್ಯಾಬಿನ್ ಎಂದು ನಾಲ್ಕು. ‘ಎಸಿ ಫಿಲ್ಟರ್’ ಎಂದು ಕೇಳುವುದು ಕ್ಯಾಬಿನ್ ಫಿಲ್ಟರನ್ನು. ಒಳಗೆ ಕೂತವರಿಗೆ ಬರುವ ಗಾಳಿ ಸೋಸುವುದು ಅದು. ‘ಏರ್ ಫಿಲ್ಟರ್’ ಅಂದರೆ ಎಂಜಿನ್ ಎಳೆದುಕೊಳ್ಳುವ ಗಾಳಿಯದು. ಎಸಿ ಎಂಬುದು ಏರ್ ಎಂದು ಕೇಳಿಸಿ, ಕ್ಯಾಬಿನ್ ಫಿಲ್ಟರಿನ ಜಾಗಕ್ಕೆ ದೊಡ್ಡ ಚೌಕದ ಏರ್ ಫಿಲ್ಟರ್ ಹೊತ್ತು ತಂದವರುಂಟು.

ಬ್ರೇಕ್ ಶೂ, ಬ್ರೇಕ್ ಪ್ಯಾಡ್: ಡ್ರಮ್ಮಿಗೆ ಶೂ, ಡಿಸ್ಕಿಗೆ ಪ್ಯಾಡ್. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಗಾಡಿಗೆ “ಹಿಂದಿನ ಪ್ಯಾಡ್” ಕೇಳಿದರೆ ಕ್ಯಾಟಲಾಗಿನಲ್ಲಿ ಆ ಸಾಲೇ ಇರುವುದಿಲ್ಲ.

ಕ್ಲಚ್ ಪ್ಲೇಟ್: ಲೈನಿಂಗ್ ಇರುವ ನಡುವಿನ ತಟ್ಟೆ ಮಾತ್ರವೋ, ಅದನ್ನು ಒತ್ತುವ ಪ್ರೆಶರ್ ಪ್ಲೇಟೂ ರಿಲೀಸ್ ಬೇರಿಂಗೂ ಸೇರಿದ ಪೂರ್ತಿ ಸೆಟ್ಟೋ ಎಂದು ಸ್ಪಷ್ಟವಾಗಿ ಹೇಳಿ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಮೂರನ್ನೂ ಒಟ್ಟಿಗೆ ಹಾಕುವುದೇ ಸರಿ. ಬೇರಿಂಗಿಗಾಗಿ ಇನ್ನೊಮ್ಮೆ ಅದೇ ಕೆಲಸ ಮಾಡುವುದು ಯಾರಿಗೂ ಬೇಡ.

ಹೆಸರೇ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ. “ರೇಡಿಯೇಟರಿನ ಮೇಲಿನ ಪೈಪು ಎಂಜಿನ್ನಿಗೆ ಸೇರುವ ಕಡೆ, ಎರಡು ಬೋಲ್ಟಿನ ಮುಚ್ಚಳದೊಳಗೆ ಸ್ಪ್ರಿಂಗ್ ಇರುವ ಸಣ್ಣ ಬಿಲ್ಲೆ” ಅಂದರೆ ಥರ್ಮೋಸ್ಟಾಟ್ ಎಂದು ಕೂಡಲೇ ತಿಳಿಯುತ್ತದೆ. ಶಬ್ದ ಮಾಡಿ ತೋರಿಸುವುದರಿಂದ ಮಾತ್ರ ಏನೂ ತಿಳಿಯದು. ‘ಕಟಕಟ’, ‘ಗುರ್ರ್’ ಎಂಬುದು ಗ್ಯಾರೇಜಿನಲ್ಲಿ ಹೇಳಬೇಕಾದ ಮಾತು. ಕೌಂಟರಿನವರು ಪಾರ್ಟ್ ಹುಡುಕಿಕೊಡುವವರೇ ಹೊರತು ರೋಗ ಪತ್ತೆ ಮಾಡುವವರಲ್ಲ.

ಇದೇ ಹಂತದಲ್ಲಿ ಒಂದು ಎಚ್ಚರಿಕೆ, ಮುಖ್ಯವಾಗಿ ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗರಿಗೆ. ಹಿರಿಯರು “ಹೋಗಿ ಸೈಲೆನ್ಸರ್ ಬೇರಿಂಗ್ ತಗೊಂಡು ಬಾ”, “ಇಂಡಿಕೇಟರ್ ಆಯಿಲ್ ಖಾಲಿ ಆಗಿದೆ, ಒಂದು ಬಾಟಲಿ ತಾ” ಅಂದರೆ ಹೊರಡಬೇಡಿ. ಸೈಲೆನ್ಸರಿನಲ್ಲಿ ತಿರುಗುವ ಭಾಗವೇ ಇಲ್ಲ, ಇಂಡಿಕೇಟರಿಗೆ ಬೇಕಾದ್ದು ಕರೆಂಟು. ಪಾರ್ಟ್ಸ್ ಅಂಗಡಿಗಳ ಇನ್ನೊಂದು ಹಳೆಯ ಜೋಕು ‘710 ನಂಬರಿನ ಮುಚ್ಚಳ’. ಎಂಜಿನ್ ಮೇಲಿನ ಆಯಿಲ್ ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಬರೆದ ‘ಆಯಿಲ್’ ಎಂಬ ಮೂರಕ್ಷರ ತಲೆಕೆಳಗಾಗಿ ನೋಡಿದರೆ 710 ಎಂದೇ ಕಾಣುತ್ತದೆ. ಯಾವುದೇ ನಂಬರನ್ನು ಎರಡೂ ಕಡೆಯಿಂದ ಓದಿ ನೋಡಿ. 6 ಮತ್ತು 9ರ ವಿಷಯದಲ್ಲಿ ಇದು ಜೋಕಲ್ಲ.

3. ಎಡ ಯಾವುದು, ಬಲ ಯಾವುದು

ಬಾನೆಟ್ ತೆಗೆದು ಗಾಡಿಯ ಎದುರು ನಿಂತವರ ಎಡಗೈ ಇರುವುದು ಗಾಡಿಯ ಬಲಕ್ಕೆ. ಕ್ಯಾಟಲಾಗಿನ ಎಡ-ಬಲ ಯಾವಾಗಲೂ ಸೀಟಿನಲ್ಲಿ ಮುಂದೆ ನೋಡುತ್ತ ಕೂತವರದು. ಹೆಡ್‌ಲೈಟ್, ಕನ್ನಡಿ, ಲೋವರ್ ಆರ್ಮ್, ಆಕ್ಸಲ್, ಬಾಗಿಲಿನ ಲಾಕ್ ಕೊಳ್ಳುವಾಗ ಇದನ್ನು ಬಾಯಿಬಿಟ್ಟೇ ಹೇಳಿ: “ಸೀಟಿನಲ್ಲಿ ಕೂತಾಗ ಎಡಗಡೆಯದು.”

‘ಡ್ರೈವರ್ ಸೈಡ್’ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಸ್ಟೀರಿಂಗ್ ಬಲಕ್ಕಿರುವ ದೇಶಗಳಲ್ಲಿ ಅದು ಬಲ, ಎಡಕ್ಕಿರುವ ದೇಶಗಳಲ್ಲಿ ಎಡ. ಆನ್‌ಲೈನಿನಲ್ಲಿ ಬೇರೆ ದೇಶದ ಕ್ಯಾಟಲಾಗು ನೋಡಿ ತರಿಸಿದಾಗ ಎಡವಟ್ಟಾಗುವುದು ಇಲ್ಲೇ. ಹೆಡ್‌ಲೈಟಿನಲ್ಲಂತೂ ಇದು ಬರೀ ಕೂರುವ ಕೂರದಿರುವ ಮಾತಲ್ಲ: ಬಲಬದಿ ಸಂಚಾರಕ್ಕೆ ಮಾಡಿದ ಲೈಟನ್ನು ಎಡಬದಿ ಸಂಚಾರದ ರಸ್ತೆಯಲ್ಲಿ ಹಾಕಿದರೆ ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತದೆ.

ಬ್ಯಾಟರಿಗೂ ಎಡ-ಬಲ ಇದೆ. ಟರ್ಮಿನಲ್ಲುಗಳು ನಿಮ್ಮ ಹತ್ತಿರದ ಅಂಚಿಗೆ ಬರುವಂತೆ ಬ್ಯಾಟರಿಯ ಮುಂದೆ ನಿಂತು ಪ್ಲಸ್ ಯಾವ ಕಡೆಗಿದೆ ನೋಡಿ, ಫೋಟೊ ತೆಗೆಯಿರಿ. ಅದಲುಬದಲಾದ ಬ್ಯಾಟರಿ ತಂದರೆ ಕೇಬಲ್ ಮುಟ್ಟುವುದಿಲ್ಲ. ಎಳೆದು ಮುಟ್ಟಿಸಲು ಹೋಗಿ ಪ್ಲಸ್ಸಿಗೆ ಮೈನಸ್ ಕೊಟ್ಟರೆ ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗಬಹುದು. 55ಬಿ24ಎಲ್ ಎಂಬಂಥ ಜಪಾನಿ ಮಾದರಿಯ ನಂಬರಿನಲ್ಲಿ 24 ಅಂದರೆ ಸುಮಾರು 24 ಸೆಂಟಿಮೀಟರ್ ಉದ್ದ. ಎಲ್ ಅಥವಾ ಆರ್ ಅಂದರೆ ಪ್ಲಸ್ ಹತ್ತಿರದ ಗಿಡ್ಡ ಬದಿಯಿಂದ ನೋಡಿದಾಗ ಪ್ಲಸ್ ಟರ್ಮಿನಲ್ ಇರುವ ಕಡೆ. ಆ ಒಂದಕ್ಷರ ಬಿಟ್ಟು ಕೇಳಿದರೆ ಅರ್ಧ ಮಾತ್ರ ಕೇಳಿದಂತೆ.

4. ನಂಬರು ಓದಿ, ಇಲ್ಲದಿದ್ದರೆ ಅಳೆಯಿರಿ

ಈ ಹಂತಕ್ಕೆ ಹೆಚ್ಚು ಹೊತ್ತು ಕೊಡಿ.

ಬೋಲ್ಟು. “12 ನಂಬರ್ ಬೋಲ್ಟ್ ಕೊಡಿ” ಎಂಬ ಮಾತಿಗೆ ಎರಡು ಅರ್ಥ. ಕೇಳುವವರು ಹೇಳುವುದು 12 ನಂಬರ್ ಸ್ಪ್ಯಾನರ್ ಕೂರುವ ಬೋಲ್ಟು, ಅಂದರೆ ತಲೆಯ ಅಳತೆ. ಕೊಡುವವರ ಲೆಕ್ಕದಲ್ಲಿ ಎಂ12 ಎಂದರೆ ಥ್ರೆಡ್ ಇರುವ ಮೈಯ ದಪ್ಪ 12 ಮಿಲಿಮೀಟರ್. ಸಾಮಾನ್ಯವಾಗಿ ಎಂ6 ಬೋಲ್ಟಿನ ತಲೆ 10. ಎಂ8ಕ್ಕೆ 13, ಜಪಾನಿ ಗಾಡಿಗಳಲ್ಲಿ 12. ಎಂ10ಕ್ಕೆ 17 ಅಥವಾ 16, ಜಪಾನಿಯದರಲ್ಲಿ 14. ಹಾಗಾಗಿ ‘12 ನಂಬರ್’ ಅಂದವರಿಗೆ ಬೇಕಿದ್ದದ್ದು ಬಹುಶಃ ಎಂ8. ಸರಿಯಾಗಿ ಕೇಳುವ ಬಗೆ: “ಎಂ8, ಪಿಚ್ 1.25, ಉದ್ದ 30, ಗ್ರೇಡ್ 8.8.” ಪಿಚ್ ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ದೂರ. ಎಂ10ರಲ್ಲಿ 1.5, 1.25, 1.0 ಮೂರೂ ಸಿಗುತ್ತವೆ, ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಪಿಚ್ ತಪ್ಪಿದರೆ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಅಲ್ಯೂಮಿನಿಯಂ ಬ್ಲಾಕಿನ ಥ್ರೆಡ್ ಸವೆದುಹೋಗುತ್ತದೆ. ಉದ್ದವನ್ನು ತಲೆಯ ಕೆಳಗಿನಿಂದ ಅಳೆಯಬೇಕು. ಗ್ರೇಡ್, ಅಂದರೆ ಬೋಲ್ಟಿನ ಬಲದ ಗುರುತು, ತಲೆಯ ಮೇಲೇ ಇರುತ್ತದೆ, 10.9 ಇದ್ದ ಕಡೆ 8.8 ಹಾಕಬೇಡಿ.

ಬೇರಿಂಗ್. ಪಕ್ಕದಲ್ಲಿ ಕೊರೆದ ನಂಬರೇ ಸಾಕು, ಗಾಡಿಯ ಹೆಸರೂ ಬೇಡ. 6203 ಅಂದರೆ ಒಳವ್ಯಾಸ 17, ಹೊರವ್ಯಾಸ 40, ದಪ್ಪ 12 ಮಿಲಿಮೀಟರ್. ಕೊನೆಯ ಎರಡಂಕಿ 04 ಅಥವಾ ಹೆಚ್ಚಿದ್ದರೆ ಐದರಿಂದ ಗುಣಿಸಿದರೆ ಒಳವ್ಯಾಸ: 6204ಕ್ಕೆ 20, 6205ಕ್ಕೆ 25. ಹಿಂದಿನ 2ಆರ್‌ಎಸ್ ಎಂದರೆ ಎರಡೂ ಕಡೆ ರಬ್ಬರ್ ಸೀಲು, ಜ಼ಡ್‌ಜ಼ಡ್ ಎಂದರೆ ಎರಡೂ ಕಡೆ ತಗಡಿನ ಮುಚ್ಚಳ. ನೀರು ಬೀಳುವ ಜಾಗಕ್ಕೆ ತಗಡಿನದು ಆಗುವುದಿಲ್ಲ.

ಆಯಿಲ್ ಸೀಲ್. ಮೂರು ಅಳತೆ, ಇದೇ ಅನುಕ್ರಮದಲ್ಲಿ: ಒಳಗೆ, ಹೊರಗೆ, ದಪ್ಪ. 35-52-7 ಎಂದರೆ 35ರ ಶಾಫ್ಟಿಗೆ, 52ರ ಗೂಡಿಗೆ, 7 ದಪ್ಪ. ಹಳೆಯ ಸೀಲಿನ ತುಟಿ ಸವೆದು ಅಗಲವಾಗಿರುತ್ತದೆ; ಒಳ ಅಳತೆಯನ್ನು ಶಾಫ್ಟಿನ ಮೇಲೆ ತೆಗೆಯಿರಿ.

ಬೆಲ್ಟ್. 6ಪಿಕೆ1750 ಅಂದರೆ ಆರು ಗೆರೆ, 1750 ಮಿಲಿಮೀಟರ್ ಉದ್ದ. ಅಕ್ಷರ ಅಳಿಸಿದ್ದರೆ ಗೆರೆ ಎಣಿಸಿ, ಹೊರಮೈ ಸುತ್ತ ದಾರ ಸುತ್ತಿ ಅಳೆಯಿರಿ. ಹಳೆಯ ಬೆಲ್ಟ್ ಸ್ವಲ್ಪ ಹಿಗ್ಗಿರುವುದರಿಂದ ಈ ಅಳತೆ ಅಂದಾಜು ಮಾತ್ರ. ಚಾಸಿ ನಂಬರಿನ ಲೆಕ್ಕದಲ್ಲಿ ಬಂದ ಉದ್ದದ ಜೊತೆ ತಾಳೆ ನೋಡಿ. ಎಸಿ ಇರುವ ಗಾಡಿಗೂ ಇಲ್ಲದ ಗಾಡಿಗೂ ಬೆಲ್ಟಿನ ಉದ್ದವೇ ಬೇರೆ.

ಸ್ಪಾರ್ಕ್ ಪ್ಲಗ್. “ಅದೇ ದಪ್ಪ, ಅದೇ ಥ್ರೆಡ್, ನಡೆಯುತ್ತೆ” ಎಂಬ ಮಾತು ಅಪಾಯದ್ದು. ಎನ್‌ಜಿಕೆ ಕಂಪನಿಯ ಬಿಪಿಆರ್6ಎಚ್‌ಎಸ್, ಬಿಪಿಆರ್6ಇಎಸ್ ಎರಡಕ್ಕೂ 14 ಮಿಲಿಮೀಟರ್ ಥ್ರೆಡ್. ಆದರೆ ಎಚ್ ಇರುವುದರ ಥ್ರೆಡ್ ಉದ್ದ 12.7, ಇ ಇರುವುದರದು 19 ಮಿಲಿಮೀಟರ್. ಗಿಡ್ಡದರ ಜಾಗಕ್ಕೆ ಉದ್ದದ್ದನ್ನು ಹಾಕಿದರೆ ಪಿಸ್ಟನ್ ಬಂದು ಪ್ಲಗ್ಗಿಗೆ ಬಡಿಯಬಹುದು. ನಡುವಿನ 6 ಎಂಬುದು ಹೀಟ್ ರೇಂಜ್, ಅಂದರೆ ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಹೊರಹಾಕುತ್ತದೆ ಎಂಬ ಗುರುತು. ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಿದಂತೆ ಪ್ಲಗ್ ತಣ್ಣಗಿನದು. ಬಾಷ್, ಚಾಂಪಿಯನ್ ಪ್ಲಗ್ಗುಗಳಲ್ಲಿ ಲೆಕ್ಕ ಇದಕ್ಕೆ ತಿರುಗುಮುರುಗು. ಕಂಪನಿ ಬದಲಿಸುವಾಗ ಅಂಕಿ ಹೋಲಿಸದೆ, ಬದಲಿ ಪಟ್ಟಿ ನೋಡಿ ಕೊಡಲು ಹೇಳಿ.

ಬಲ್ಬ್. ಹೆಡ್‌ಲೈಟಿನ ಎಚ್4ರಲ್ಲಿ ಎರಡು ಫಿಲಮೆಂಟು, 60/55 ವ್ಯಾಟ್. ಎಚ್7ರಲ್ಲಿ ಒಂದೇ, 55 ವ್ಯಾಟ್. ಹಿಂದಿನ ಬಲ್ಬಿನಲ್ಲಿ ಇನ್ನೂ ಗೊಂದಲ. ಪಿ21ಡಬ್ಲ್ಯು ಒಂದು ಫಿಲಮೆಂಟಿನದು. ಪಿ21/5ಡಬ್ಲ್ಯು ಎರಡರದು, ಪಾರ್ಕ್ ಮತ್ತು ಬ್ರೇಕ್ ಎರಡೂ ಕೆಲಸಕ್ಕೆ; ಅದರ ಬದಿಯ ಮೊಳೆಗಳು ಒಂದು ಮೇಲೆ, ಒಂದು ಕೆಳಗೆ. ಹಳದಿ ಇಂಡಿಕೇಟರಿನ ಪಿವೈ21ಡಬ್ಲ್ಯುನಲ್ಲಿ ಮೊಳೆಗಳು ಎದುರುಬದುರು ಇರುವುದಿಲ್ಲ, ತುಸು ಓರೆ. ಒಂದರ ಗೂಡಿಗೆ ಇನ್ನೊಂದು ಕೂರದಿರಲಿ ಎಂದೇ ಹೀಗೆ ಮಾಡಿದ್ದು. ಬಲವಂತ ಮಾಡಿದರೆ ಹೋಲ್ಡರ್ ಒಡೆಯುತ್ತದೆ. ಲಾರಿಯವರು 24 ವೋಲ್ಟ್ ಎಂದು ಮೊದಲೇ ಹೇಳಬೇಕು.

ಆಯಿಲ್ ಫಿಲ್ಟರ್. ಹೊರಗಿನ ಗಾತ್ರ ನೋಡಿ ಒಪ್ಪಿಕೊಳ್ಳಬೇಡಿ. ಎಂ20 ಥ್ರೆಡ್ಡಿನದಕ್ಕೂ ಮುಕ್ಕಾಲು ಇಂಚಿನದಕ್ಕೂ ಒಂದು ಮಿಲಿಮೀಟರಿನಷ್ಟೇ ವ್ಯತ್ಯಾಸ. ತಪ್ಪಿದ್ದು ಸಡಿಲವಾಗಿ ಕೂತಂತೆ ಮಾಡಿ, ಆಯಿಲ್ ಪ್ರೆಶರ್ ಏರಿದಾಗ ಕಳಚಿ ಬೀಳಬಹುದು. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಎಂಜಿನ್ನಿಗೆ ಅಂಟಿಕೊಂಡಿಲ್ಲವೆಂದು ನೋಡಿಕೊಳ್ಳಿ. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಹೊಸ ಫಿಲ್ಟರೂ ಸೋರುತ್ತದೆ, ಬೈಗುಳ ಅಂಗಡಿಯವರಿಗೆ ಬೀಳುತ್ತದೆ.

5. ಆಯಿಲ್, ಕೂಲಂಟ್: ಬಣ್ಣ ಹೇಳಿ ಕೇಳಬೇಡಿ

ಪಾರ್ಟ್ ತಪ್ಪಿದರೆ ಹೆಚ್ಚಿನ ಸಲ ಕೂರುವುದಿಲ್ಲ, ಅಷ್ಟೆ. ದ್ರವ ತಪ್ಪಿದರೆ ಸಲೀಸಾಗಿ ಒಳಗೆ ಹೋಗಿ ಹಾಳು ಮಾಡುತ್ತದೆ.

‘ಬ್ರೇಕ್ ಆಯಿಲ್’ ಎಂದು ಎಲ್ಲರೂ ಕರೆಯುವುದು ಆಯಿಲ್ಲೇ ಅಲ್ಲ. ಡಾಟ್ 3, ಡಾಟ್ 4, ಡಾಟ್ 5.1 ದರ್ಜೆಯವು ಗ್ಲೈಕಾಲ್ ಮೂಲದ ದ್ರವಗಳು. ಅದರ ಡಬ್ಬಿಗೆ ಎಂಜಿನ್ ಆಯಿಲ್ಲನ್ನೋ ಸ್ಟೀರಿಂಗ್ ಆಯಿಲ್ಲನ್ನೋ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಬ್ರೇಕ್ ಹಿಡಿದುಕೊಳ್ಳುತ್ತದೆ ಅಥವಾ ಕೈಕೊಡುತ್ತದೆ. ಸೀಲು, ಹೋಸುಗಳನ್ನೆಲ್ಲ ಬದಲಿಸಬೇಕಾಗುತ್ತದೆ. ಇನ್ನೊಂದು ಬಲೆ ಡಾಟ್ 5 ಮತ್ತು 5.1. ಅಂಕಿ ನೋಡಿ ಅಕ್ಕಪಕ್ಕದವು ಅನ್ನಿಸುತ್ತವೆ. ಡಾಟ್ 5 ಸಿಲಿಕೋನಿನದು, ಉಳಿದವುಗಳ ಜೊತೆ ಬೆರೆಸುವಂತಿಲ್ಲ. ಗಾಡಿಯ ಬ್ರೇಕ್ ದ್ರವದ ಡಬ್ಬಿಯ ಮುಚ್ಚಳದ ಮೇಲೆ ಬರೆದದ್ದನ್ನೇ ಕೇಳಿ.

ಎಂಜಿನ್ ಆಯಿಲ್ಲಿನ 5ಡಬ್ಲ್ಯು-30ರಲ್ಲಿ ಡಬ್ಲ್ಯು ಎಂದರೆ ಚಳಿಗಾಲ: ಮೊದಲ ಅಂಕಿ ಚಳಿಯಲ್ಲಿ ಹರಿಯುವ ಗುಣ, ಎರಡನೆಯದು ಬಿಸಿಯಾದಾಗಿನ ಮಂದತೆ. ಗೇರ್ ಆಯಿಲ್ಲಿನ ಅಂಕಿಗಳ ಅಳತೆಗೋಲೇ ಬೇರೆ. 75ಡಬ್ಲ್ಯು-90 ನೋಡಿ “ಎಂಜಿನ್ ಆಯಿಲ್ಲಿಗಿಂತ ಮೂರು ಪಟ್ಟು ಮಂದ” ಎಂದು ಲೆಕ್ಕ ಹಾಕಬೇಡಿ. ಗೇರ್ ಆಯಿಲ್ಲಿಗೆ ಜಿಎಲ್-4 ಅಥವಾ ಜಿಎಲ್-5 ಎಂಬ ದರ್ಜೆಯೂ ಬೇಕು. ಜಿಎಲ್-4 ಹೇಳಿದ ಗೇರ್‌ಬಾಕ್ಸಿಗೆ ಜಿಎಲ್-5 ಹಾಕಿದರೆ, ಗೇರು ನಯವಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಕೆಟ್ಟದು.

ಎಷ್ಟು ಲೀಟರ್ ಎಂಬುದಕ್ಕೂ ಎಂಜಿನ್ನಿನ 1.2ಕ್ಕೂ ಸಂಬಂಧವಿಲ್ಲ. 1.2 ಲೀಟರ್ ಅಂದರೆ ಎಲ್ಲ ಸಿಲಿಂಡರುಗಳಲ್ಲಿ ಪಿಸ್ಟನ್ ಓಡಾಡುವ ಜಾಗದ ಒಟ್ಟು ಅಳತೆ. ಸಂಪಿಗೆ ಹಿಡಿಯುವ ಆಯಿಲ್ ಅದಕ್ಕಿಂತ ಬಹಳ ಹೆಚ್ಚು. ಕೈಪಿಡಿಯಲ್ಲಿ ‘ಫಿಲ್ಟರ್ ಸಹಿತ’, ‘ಫಿಲ್ಟರ್ ರಹಿತ’ ಎಂದು ಎರಡು ಅಂಕಿ ಇರುತ್ತವೆ. ಫಿಲ್ಟರೂ ಬದಲಿಸುವುದಾದರೆ ಮೊದಲನೆಯದನ್ನು ಹಿಡಿಯಿರಿ.

ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವದ ವಿಷಯದಲ್ಲಿ ಹಸಿರು, ಕೆಂಪು, ನೀಲಿ ಎಂಬುದು ಕಂಪನಿ ಬೆರೆಸುವ ಬಣ್ಣ. ಒಂದೇ ಬಣ್ಣದ ಎರಡು ಬಾಟಲಿಗಳ ಒಳಗಿನ ರಸಾಯನ ಬೇರೆಬೇರೆ ಇದ್ದೀತು. ಕೈಪಿಡಿಯಲ್ಲಿನ ಸ್ಪೆಸಿಫಿಕೇಶನ್ ಹೇಳಿ ಕೇಳಿ. ನೀರು ಬೆರೆಸಿಯೇ ಬಂದದ್ದೋ, ಬೆರೆಸಬೇಕಾದ ಕಾನ್ಸಂಟ್ರೇಟೋ ಎಂಬುದನ್ನೂ ಲೇಬಲ್ಲಿನಲ್ಲಿ ಓದಿ. ಗಟ್ಟಿಯಿದ್ದಷ್ಟೂ ಒಳ್ಳೆಯದು ಎಂದು ಕಾನ್ಸಂಟ್ರೇಟನ್ನು ಹಾಗೇ ಸುರಿಯುವವರಿದ್ದಾರೆ. ಆದರೆ ಬಿಸಿ ಹೊರುವ ಶಕ್ತಿ ನೀರಿಗೇ ಹೆಚ್ಚು. ಸಮಸಮ ಡಿಸ್ಟಿಲ್ಡ್ ನೀರು ಬೆರೆಸಿದ್ದು ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದು, ಕಾನ್ಸಂಟ್ರೇಟಿನ ಮೂಲದ್ರವವಾದ ಅಪ್ಪಟ ಗ್ಲೈಕಾಲ್ ಮೈನಸ್ 13ರ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ.

6. ಸ್ಕ್ಯಾನರ್ ಕೋಡ್ ಪಾರ್ಟಿನ ಹೆಸರಲ್ಲ

ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸಿದಾಗ ಕಾಣುವ ದೋಷದ ನಂಬರೇ ಕೋಡ್. “ಪಿ0420 ಬಂದಿದೆ, ಅದರ ಸೆನ್ಸರ್ ಕೊಡಿ.” ಜ್ವರ 102 ಇದೆ, 102ರ ಮಾತ್ರೆ ಕೊಡಿ ಅಂದ ಹಾಗೆ. ಪಿ0420 ಹೇಳುವುದು ಮೊದಲ ಬ್ಯಾಂಕಿನ (ಸಿಲಿಂಡರ್ ಸಾಲಿನ) ಕ್ಯಾಟಲಿಟಿಕ್ ಕನ್ವರ್ಟರಿನ, ಅಂದರೆ ಹೊಗೆ ಶುದ್ಧ ಮಾಡುವ ಡಬ್ಬಿಯ ಕ್ಷಮತೆ ಕಡಿಮೆಯಾಗಿದೆ ಎಂದು. ಡಬ್ಬಿಯೇ ಹೋಗಿರಬಹುದು, ಹೊಗೆ ಪೈಪ್ ಸೋರುತ್ತಿರಬಹುದು, ಸೆನ್ಸರೂ ಇರಬಹುದು. ಪಿ0171 ಅಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ. ಒಡೆದ ವ್ಯಾಕ್ಯೂಮ್ ಪೈಪಿನಿಂದಲೂ ಬರುತ್ತದೆ. ಪಿ0301 ಬಂದರೆ ಮೊದಲ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಕೊಳ್ಳುವ ಮುಂಚೆ ಒಂದನೇ ಸಿಲಿಂಡರಿನ ಕಾಯಿಲನ್ನು (ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವಂಥದ್ದು) ಎರಡನೆಯದರ ಜೊತೆ ಅದಲುಬದಲು ಮಾಡಿ, ಕೋಡ್ ಅಳಿಸಿ ಓಡಿಸಿ. ಈಗ ಪಿ0302 ಬಂದರೆ ಕಾಯಿಲ್ ಹೋಗಿದೆ. ಪಿ0301ರಲ್ಲೇ ನಿಂತರೆ ಪ್ಲಗ್, ಇಂಜೆಕ್ಟರ್, ಕಂಪ್ರೆಶನ್ ನೋಡಬೇಕು.

ಆಕ್ಸಿಜನ್ ಸೆನ್ಸರ್ ಕೇಳುವಾಗ ‘ಬ್ಯಾಂಕ್ 1, ಸೆನ್ಸರ್ 2’ ಎಂಬ ಮಾತು ಪೂರ್ತಿ ಹೇಳಿ. ಬ್ಯಾಂಕ್ 1 ಅಂದರೆ ಒಂದನೇ ಸಿಲಿಂಡರ್ ಇರುವ ಸಾಲು. ಸೆನ್ಸರ್ 1 ಕನ್ವರ್ಟರಿನ ಮುಂಚೆ, ಸೆನ್ಸರ್ 2 ಆಮೇಲೆ. ಬ್ಯಾಂಕ್ 2 ಅಂದರೆ ಎರಡನೇ ಸೆನ್ಸರ್ ಎಂದುಕೊಂಡು ತಂದು ಹಾಕಿದವರ ಡ್ಯಾಶ್‌ಬೋರ್ಡಿನ ದೀಪ ಆರುವುದಿಲ್ಲ.

7. ಒಂದು ಸೆಟ್ಟಿನಲ್ಲಿ ಎಷ್ಟು?

ಡಿಸ್ಕ್ ಪ್ಯಾಡಿನ ಒಂದು ಸೆಟ್ ಅಂದರೆ ನಾಲ್ಕು ಪ್ಯಾಡ್, ಮುಂದಿನ ಎರಡೂ ಚಕ್ರಕ್ಕೆ ಸಾಕು. ಚಕ್ರಕ್ಕೊಂದು ಎಂದು ಎರಡು ಸೆಟ್ ಒಯ್ಯುವವರು ಬಹಳ. ತಿರುಗಾಗಿ, “ಒಂದು ಕೊಡಿ” ಎಂದು ಒಂದೇ ಶಾಕಪ್ ಒಯ್ಯುವವರೂ ಇದ್ದಾರೆ. ಅದನ್ನು ಜೋಡಿಯಾಗಿಯೇ ಬದಲಿಸಬೇಕು. ಪ್ಲಗ್ ಬಿಡಿಯಾಗಿ ಸಿಗುತ್ತದೆ, ಸಿಲಿಂಡರಿಗೆ ಒಂದು ಎಂಬ ಲೆಕ್ಕ ಎಲ್ಲ ಕಡೆ ನಡೆಯದು: ಹೋಂಡಾದ ಐ-ಡಿಎಸ್‌ಐ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರಿಗೆ ಎಂಟು ಪ್ಲಗ್. ಪಿಸ್ಟನ್ ರಿಂಗ್ ಸೆಟ್ ಒಂದು ಪಿಸ್ಟನ್ನಿಗೋ ಇಡೀ ಎಂಜಿನ್ನಿಗೋ ಎಂಬುದು ಡಬ್ಬಿಯ ಮೇಲಿರುತ್ತದೆ. ಸಿಲಿಂಡರ್ ಬೋರ್ ಮಾಡಿಸಿದ್ದರೆ, ಅಂದರೆ ಒಳಗೆ ಕೊರೆಸಿ ಅಗಲ ಮಾಡಿಸಿದ್ದರೆ, ಸ್ಟ್ಯಾಂಡರ್ಡೋ, 0.25 ಮಿಲಿಮೀಟರಿನ ಓವರ್‌ಸೈಜೋ, 0.50ಯೋ ಎಂದೂ ಹೇಳಬೇಕು. ಕ್ರ್ಯಾಂಕ್ ಉಜ್ಜಿಸಿದ್ದರೆ ಅದರ ಬೇರಿಂಗಿಗೆ ‘ಅಂಡರ್‌ಸೈಜ್’ ಎನ್ನುತ್ತಾರೆ; ಶಾಫ್ಟ್ ಸಣ್ಣಗಾದಷ್ಟು ಬೇರಿಂಗ್ ದಪ್ಪಗಾಗುತ್ತದೆ.

8. ಕೌಂಟರಿನಲ್ಲೇ ಹೋಲಿಸಿ, ಆಮೇಲೆ ಹಣ ಕೊಡಿ

ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಬೋಲ್ಟಿನ ತೂತುಗಳು, ಕನೆಕ್ಟರಿನ ಪಿನ್ನುಗಳ ಸಂಖ್ಯೆ, ಪೈಪಿನ ಬಾಗು, ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳ ಲೆಕ್ಕ ನೋಡಿ. ಬಣ್ಣ, ಲೋಗೊ ಬೇರೆಯಿದ್ದರೆ ಚಿಂತೆಯಿಲ್ಲ. ಡಬ್ಬಿಯ ನಂಬರಿಗೂ ಹಳೆಯದರ ಮೇಲಿನ ನಂಬರಿಗೂ ತಾಳೆಯಾಗದಿದ್ದರೆ ತಪ್ಪು ಪಾರ್ಟ್ ಎಂದೇ ಅಲ್ಲ. ತಯಾರಕರು ಹಳೆಯ ನಂಬರ್ ರದ್ದು ಮಾಡಿ ಹೊಸದು ಕೊಟ್ಟಿರಬಹುದು. “ಹಳೇ ನಂಬರಿಗೆ ಇದೇ ಬದಲಿ ಅಂತ ಕ್ಯಾಟಲಾಗಿನಲ್ಲಿ ತೋರಿಸಿ” ಎಂದು ಕೇಳಿ.

ಕೌಂಟರಿನವರು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರೆ ಸಿಡುಕಬೇಡಿ. ಎಬಿಎಸ್ ಇದೆಯಾ, ಕನೆಕ್ಟರ್ ದುಂಡಗಿದೆಯಾ ಚೌಕವಾ ಎಂದು ವಿಚಾರಿಸುವವರೇ ಒಳ್ಳೆಯವರು. ಏನೂ ಕೇಳದೆ “ಇದೇ ಕೂರುತ್ತೆ” ಎಂದು ಡಬ್ಬಿ ಇಟ್ಟವರ ಮುಂದೆ ಇನ್ನೊಮ್ಮೆ ಅಳತೆ ತೆಗೆಯಿರಿ.

ವಾಪಸಾತಿಯ ನಿಯಮವನ್ನು ಬಿಲ್ ಮಾಡುವ ಮುಂಚೆಯೇ ಕೇಳಿಕೊಳ್ಳಿ. ಸೆನ್ಸರ್, ಕಾಯಿಲ್, ರಿಲೇಯಂಥ ವಿದ್ಯುತ್ ಸಾಮಾನನ್ನು ಗಾಡಿಗೆ ಹಾಕಿ ನೋಡಿದ ಮೇಲೆ ಹೆಚ್ಚಿನವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಸ್ಟಾರ್ಟರ್, ಆಲ್ಟರ್ನೇಟರ್‌ನಂಥವಕ್ಕೆ ಹಳೆಯದನ್ನು ಒಪ್ಪಿಸಿದರೆ ಹಣ ಕಡಿಮೆ ಮಾಡುವ ಪದ್ಧತಿ ಕೆಲವೆಡೆ ಉಂಟು. ಆ ಹಳೆಯದು ಬಿಚ್ಚಿ ಹರಡಿದ ಸ್ಥಿತಿಯಲ್ಲಿದ್ದರೆ ಲೆಕ್ಕಕ್ಕೆ ಬರುವುದಿಲ್ಲ. ಡಬ್ಬಿ, ಲೇಬಲ್, ಬಿಲ್ಲು ಮೂರನ್ನೂ ಜೋಪಾನ ಮಾಡಿ. ಬೋಲ್ಟಿನಿಂದ ಕೂರಿಸುವ ಪಾರ್ಟನ್ನು ಗ್ರೀಸಾಗಲಿ ಗ್ಯಾಸ್ಕೆಟ್ ಪೇಸ್ಟಾಗಲಿ ಹಚ್ಚುವ ಮುಂಚೆ ಒಣಗಿದ್ದಂತೆಯೇ ಒಮ್ಮೆ ಜಾಗಕ್ಕೆ ಹಿಡಿದು, ಎಲ್ಲ ಬೋಲ್ಟುಗಳೂ ಬೆರಳಿನಲ್ಲೇ ಮೂರ್ನಾಲ್ಕು ಸುತ್ತು ಹೋಗುತ್ತವೆಯೇ ನೋಡಿ. ಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಒರೆಸಿ, ಡಬ್ಬಿಗೆ ಹಾಕಿ; ಪೇಸ್ಟ್ ಹತ್ತಿದ ಪಾರ್ಟನ್ನು ಯಾವ ಕೌಂಟರಿನವರೂ ಮುಟ್ಟುವುದಿಲ್ಲ.